ಮೈಯ ಉರಿ ಮಿದುಳಿಗೆ ಮುಟ್ಟುವ ಬಗೆ

ಇಲಿಯ ಮೈಯಲ್ಲಿ ಉರಿಯೂತ ಎದ್ದರೆ, ಇಲ್ಲವೇ ಔಷಧಿಯೋ ವಿಷವೋ ಒಳಹೊಕ್ಕರೆ, ಅದರ ಪರಿಣಾಮ ಒಂದು ಅಂಗಕ್ಕೆ ನಿಲ್ಲುವುದಿಲ್ಲ. ಮಿದುಳು, ನಡವಳಿಕೆ, ತಿಂದದ್ದನ್ನು ಶಕ್ತಿಯಾಗಿಸುವ ಚಯಾಪಚಯ, ಈ ಮೂರೂ ಒಟ್ಟೊಟ್ಟಿಗೆ ಬದಲಾಗುತ್ತವೆ. ಇದರ ಒಂದು ಮುಖ ತುಮಕೂರು ಜಿಲ್ಲೆಯ ರೈತರಿಗೆ ಪ್ರಯೋಗಾಲಯದ ನೆರವಿಲ್ಲದೆಯೇ ಗೊತ್ತು. ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲಿ ಇಲಿಗಳು ತೆಂಗಿನ ಮರದ ಮೇಲೆಯೇ ಎಳೆಗಾಯಿ ಕೊರೆದು ಉದುರಿಸುತ್ತವೆ. ಹೊಲದಲ್ಲಿ ರಾಗಿ ತೆನೆ ಕತ್ತರಿಸಿ ಬಿಲಕ್ಕೆ ಎಳೆಯುತ್ತವೆ. ಅವಕ್ಕೆ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು ತಿಂಡಿಯಲ್ಲಿ ಬೆರೆಸಿ ಇಡುವುದುಂಟು. ಸಾಯುವಷ್ಟು ತಿನ್ನದೆ ಬರೀ ಹೊಟ್ಟೆ ಕೆಡಿಸಿಕೊಂಡು ಬದುಕುಳಿದ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲು ಒಂದೆರಡು ದಿನ ವಿಷವಿಲ್ಲದ ನುಚ್ಚನ್ನು ಎಣ್ಣೆಯಲ್ಲಿ ಕಲಸಿಟ್ಟು, ರುಚಿ ಹತ್ತಿದ ಮೇಲೆ ವಿಷ ಬೆರೆಸುವ ಕ್ರಮ ಬಂದದ್ದು.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದನ್ನು ಹೊರಹಾಕುವ ದಾರಿಯಿಲ್ಲದ ಪ್ರಾಣಿಗೆ ನೆನಪೇ ರಕ್ಷಣೆ. 1955ರಲ್ಲಿ ಅಮೆರಿಕದ ಜಾನ್ ಗಾರ್ಸಿಯ ಮತ್ತು ಸಂಗಡಿಗರು ಇದನ್ನು ಪ್ರಯೋಗದಲ್ಲಿ ತೋರಿಸಿದರು: ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಯುವ ಹೊತ್ತಿನಲ್ಲಿ ವಿಕಿರಣದಿಂದ ಅಸ್ವಸ್ಥವಾದ ಇಲಿಗಳು ಆಮೇಲೆ ಸಿಹಿನೀರನ್ನೇ ದೂರವಿಟ್ಟವು. ಈಗ ಇಂಥ ಪ್ರಯೋಗಕ್ಕೆ ಹೆಚ್ಚಾಗಿ ಬಳಸುವುದು ಲಿಥಿಯಂ ಕ್ಲೋರೈಡ್. ಮನುಷ್ಯರಲ್ಲಿ ಉನ್ಮಾದ-ಖಿನ್ನತೆಯ ಕಾಯಿಲೆಗೆ ಕೊಡುವುದೂ ಇದೇ ಲಿಥಿಯಂನ ಇನ್ನೊಂದು ಲವಣ. ರಕ್ತದಲ್ಲಿ ಬಂದ ವಿಷವನ್ನು ಮಿದುಳಿನ ಬುಡದಲ್ಲಿರುವ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗ ಗುರುತಿಸುತ್ತದೆ. ಆ ಸಂಕಟಕ್ಕೂ ಹಿಂದೆ ತಿಂದ ರುಚಿಗೂ ಮಿದುಳು ಗಂಟು ಹಾಕುತ್ತದೆ. ಬ್ರೊಮಡಿಯಲೋನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು ಕೆಲಸ ತೋರಿಸುವುದಕ್ಕೆ ಕೆಲವು ದಿನ ಬೇಕು. ಅಷ್ಟು ತಡವಾದರೆ ಆ ಗಂಟು ಬೀಳುವುದಿಲ್ಲ, ಇಲಿ ಅನುಮಾನಪಡದೆ ತಿನ್ನುತ್ತಲೇ ಹೋಗುತ್ತದೆ.

ತೋಟದ ಇಲಿಯಿಂದ ಪ್ರಯೋಗಾಲಯದ ಬಿಳಿ ಇಲಿಗೆ ಬಂದರೆ, ಅದು ಬೇರೆ ಜಾತಿ. ಕಂದು ಇಲಿಯಿಂದ ಸಾಕುತ್ತಾ ಬಂದ ಈ ವಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಒಂದು ವಿಸ್ಟರ್. 20ನೇ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯಲ್ಲಿ ಬೆಳೆದ ತಳಿ. ತುಮಕೂರು ನಗರದಲ್ಲಿ ಸಿದ್ಧಗಂಗಾ ಫಾರ್ಮಸಿ ಕಾಲೇಜು, ಸಿದ್ಧಾರ್ಥ ಮತ್ತು ಶ್ರೀದೇವಿ ವೈದ್ಯಕೀಯ ಕಾಲೇಜುಗಳಿವೆ. ಔಷಧಶಾಸ್ತ್ರ ಕಲಿಯುವವರು ಇಲ್ಲಿರಲಿ, ಬೇರೆಲ್ಲೇ ಇರಲಿ, ಪಠ್ಯದಲ್ಲಿ ತಪ್ಪದೆ ಓದುವ ಒಂದು ಪರೀಕ್ಷೆ ಇಲಿಯ ಪಾದದ ಊತದ್ದು. 1962ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಅಂಟಿನ ಶೇ. 1ರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ. ಗಿಣ್ಣಿನ ಬಳಿ ಶಾಯಿಯಲ್ಲಿ ಗೆರೆ ಎಳೆದು, ಆ ಗೆರೆಯವರೆಗೆ ಕಾಲನ್ನು ದ್ರವ ತುಂಬಿದ ಕೊಳವೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ಗಂಟೆಗೊಮ್ಮೆ ಬರೆದುಕೊಳ್ಳುತ್ತಾರೆ. ಊತ ಮೂರರಿಂದ ಐದು ಗಂಟೆಯೊಳಗೆ ತುದಿ ಮುಟ್ಟುತ್ತದೆ. ಮೊದಲೇ ಇಂಡೊಮೆಥಾಸಿನ್ ಅಥವಾ ಡೈಕ್ಲೊಫಿನ್ಯಾಕ್ ಕೊಟ್ಟ ಇಲಿಯಲ್ಲಿ ಅಷ್ಟು ಏರುವುದಿಲ್ಲ.

ಈ ಪರೀಕ್ಷೆ ಎಷ್ಟು ಸರಳವೋ ಅಷ್ಟೇ ಅರ್ಧ ಸತ್ಯದ್ದು. ಅಳತೆ ಪಾದಕ್ಕೆ ಮುಗಿಯುತ್ತದೆ, ಉರಿಯೂತ ಮುಗಿಯುವುದಿಲ್ಲ. 2001ರಲ್ಲಿ ಇಲಿಗಳ ಮೇಲೆಯೇ ನಡೆದ ಒಂದು ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಒಂದೇ ಪಾದದಲ್ಲಿ ಉರಿಯೂತ ಎಬ್ಬಿಸಿದರೂ ಬೆನ್ನುಹುರಿಯಲ್ಲಿ ಮತ್ತು ಮಿದುಳಿನಲ್ಲಿ ಕಾಕ್ಸ್-2 ಎಂಬ ಕಿಣ್ವ ಹೆಚ್ಚುತ್ತದೆ. ನೋವಿನ ಅರಿವನ್ನು ಹರಿತಗೊಳಿಸುವ ಪ್ರೋಸ್ಟಗ್ಲಾಂಡಿನ್‌ಗಳು ತಯಾರಾಗುವುದು ಈ ಕಿಣ್ವದಿಂದ. ಕಾಲು ಊದಿದ ಮನುಷ್ಯನಿಗೆ ಮೈಕೈಯೆಲ್ಲ ನೋವು, ಯಾವುದರಲ್ಲೂ ಮನಸ್ಸಿಲ್ಲ ಎನ್ನಿಸುವುದಕ್ಕೆ ಹೀಗೆ ಜೀವರಾಸಾಯನಿಕ ಕಾರಣವಿದೆ.

ಇಡೀ ದೇಹದ ಉರಿಯೂತವನ್ನು ಅಭ್ಯಸಿಸಲು ಬಳಸುವುದು ಎಲ್‌ಪಿಎಸ್. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕು ಇದು. ಜೀವಂತ ರೋಗಾಣು ಒಂದೂ ಇರುವುದಿಲ್ಲ, ಆದರೂ ದೇಹ ಸೋಂಕು ಬಂತೆಂದೇ ತಿಳಿಯುತ್ತದೆ. ಚುಚ್ಚಿದ ಒಂದೆರಡು ಗಂಟೆಯೊಳಗೆ ಇಲಿ ಗೂಡಿನ ಮೂಲೆ ಸೇರಿ ಮುದುಡುತ್ತದೆ, ರೋಮ ನಿಗುರುತ್ತದೆ. ಆಹಾರ ಹಾಗೇ ಉಳಿಯುತ್ತದೆ. ಹೊಸ ಮರಿಯೊಂದನ್ನು ಗೂಡಿಗೆ ಬಿಟ್ಟರೆ ಆರೋಗ್ಯವಂತ ಇಲಿ ಮೂಸಿ ಮೂಸಿ ಪರಿಚಯ ಮಾಡಿಕೊಳ್ಳುತ್ತದೆ, ಇದು ಕಣ್ಣೆತ್ತುವುದಿಲ್ಲ. ಇಷ್ಟದ ಸಿಹಿನೀರೂ ರುಚಿಸದು. ಜೆರುಸಲೇಮಿನ ರಾಝ್ ಯಿರ್ಮಿಯಾ 1996ರಲ್ಲಿ ಇದನ್ನೇ ಇಲಿಯ ಖಿನ್ನತೆಯ ಲಕ್ಷಣವೆಂದು ವಿವರಿಸಿದರು. ಇಂಥ ಚಿಹ್ನೆಗಳನ್ನೆಲ್ಲ ಸೇರಿಸಿ ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲೇ ಒಂದು ವಾದ ಮುಂದಿಟ್ಟಿದ್ದರು: ಕಾಯಿಲೆಯ ಪ್ರಾಣಿ ಮಂಕಾಗುವುದು ನಿತ್ರಾಣದಿಂದಲ್ಲ, ಜ್ವರವನ್ನು ನಡೆಸಿಕೊಂಡು ಹೋಗಲು ಮಿದುಳೇ ಮಾಡಿಕೊಳ್ಳುವ ಏರ್ಪಾಡು ಅದು.

ಪಾದದಲ್ಲೋ ಹೊಟ್ಟೆಯಲ್ಲೋ ಎದ್ದ ಸುದ್ದಿ ಮಿದುಳಿಗೆ ತಲುಪುವುದಕ್ಕೆ ಹಲವು ದಾರಿಗಳಿವೆ. ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಮುಂತಾದ ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತ ಮತ್ತು ಮಿದುಳಿನ ನಡುವಣ ತಡೆ ಸಡಿಲವಿರುವ ಕೆಲವು ಜಾಗಗಳಲ್ಲಿ ಅವು ನೇರ ಮುಟ್ಟುತ್ತವೆ. ಬೇರೆಡೆ ಮಿದುಳಿನ ರಕ್ತನಾಳಗಳ ಒಳಪದರವೇ ಸಂಕೇತ ಪಡೆದು ಒಳಗಡೆ ಪ್ರೋಸ್ಟಗ್ಲಾಂಡಿನ್ ಇ2 ಬಿಡುಗಡೆ ಮಾಡುತ್ತದೆ, ಜ್ವರ ಏರುತ್ತದೆ. ಇನ್ನೊಂದು ದಾರಿ ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರ. ಹೊಟ್ಟೆಯೊಳಗೆ ಈ ನರವನ್ನು ಕತ್ತರಿಸಿದ ಪ್ರಾಣಿಗಳಲ್ಲಿ, ಎಲ್‌ಪಿಎಸ್ ಹೊಟ್ಟೆಗೆ ಚುಚ್ಚಿದರೂ ಮಂಕುತನ ಕಡಿಮೆ ಎಂದು ಫ್ರಾನ್ಸಿನ ರಾಬರ್ಟ್ ಡ್ಯಾಂಟ್ಜರ್ ಅವರ ತಂಡ ತೋರಿಸಿತು. ಸುದ್ದಿ ಮುಟ್ಟಿದ ಮೇಲೆ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಎಚ್ಚೆತ್ತು ತಾವೂ ಸೈಟೊಕೈನ್ ತಯಾರಿಸುತ್ತವೆ.

ಚಯಾಪಚಯದ ಬದಲಾವಣೆ ಇದರ ಜೊತೆಜೊತೆಗೇ ನಡೆಯುತ್ತದೆ. ಇಲಿ ತಿನ್ನುವುದನ್ನು ನಿಲ್ಲಿಸಿದ್ದರೂ ಶಕ್ತಿಯ ಖರ್ಚು ಏರಿರುತ್ತದೆ. ಸ್ನಾಯುವಿನ ಪ್ರೋಟೀನು ಕರಗಿ ಯಕೃತ್ತಿಗೆ ಹೋಗಿ ಅಲ್ಲಿ ರಕ್ಷಣೆಯ ಪ್ರೋಟೀನಾಗುತ್ತದೆ, ಇನ್ಸುಲಿನ್‌ನ ಮಾತನ್ನು ಜೀವಕೋಶಗಳು ಕೇಳದಂತಾಗುತ್ತವೆ. ಸೋಂಕಿನ ಕಾಲಕ್ಕೆ ಇದು ಲಾಭವೇ. ಇದೇ ಸ್ಥಿತಿ ಮಂದವಾಗಿ ತಿಂಗಳುಗಟ್ಟಲೆ ನಡೆದಾಗ ಮಾತ್ರ ಕೆಡುಕು. ಬೊಜ್ಜಿನ ಇಲಿಗಳ ಕೊಬ್ಬಿನ ಅಂಗಾಂಶ ಟಿಎನ್‌ಎಫ್ ಸ್ರವಿಸುತ್ತದೆ, ಅದನ್ನು ತಡೆದರೆ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ ಎಂಬುದು 1993ರಲ್ಲಿ ಹೊರಬಂತು. ಮಧುಮೇಹವನ್ನು ಉರಿಯೂತದ ಕಣ್ಣಿನಿಂದ ನೋಡುವುದಕ್ಕೆ ಅಲ್ಲಿಂದ ದಾರಿಯಾಯಿತು. 2005ರಲ್ಲಿ ಬ್ರೆಜಿಲ್ಲಿನ ಕಂಪಿನಾಸ್ ವಿಶ್ವವಿದ್ಯಾಲಯದ ತಂಡ ವಿಸ್ಟರ್ ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ ಕೊಟ್ಟು ನೋಡಿದಾಗ, ಹಸಿವನ್ನು ನಿಯಂತ್ರಿಸುವ ಹೈಪೊಥಲಾಮಸ್‌ನಲ್ಲೇ ಉರಿಯೂತ ಕಂಡಿತು. ಹಸಿವು ಹತೋಟಿ ತಪ್ಪುವುದನ್ನು ನಾಲಿಗೆಯ ಚಪಲವೆಂದು ಬೈದು ಮುಗಿಸಲು ಇದಾದ ಮೇಲೆ ಸಾಧ್ಯವಿಲ್ಲ.

ಔಷಧಿಗಳ ಮಾತಿಗೆ ಬಂದರೆ ಮೊದಲು ಮಾರ್ಫಿನ್. ದಿನವೂ ಕೊಟ್ಟರೆ ಅದೇ ಪ್ರಮಾಣದ ನೋವು ನಿವಾರಣೆ ಇಳಿಯುತ್ತಾ ಹೋಗುತ್ತದೆ. ಇದಕ್ಕೆ ನರಕೋಶಗಳು ಮಾತ್ರ ಕಾರಣವೆಂದು ಬಹಳ ಕಾಲ ನಂಬಿದ್ದರು. ಇಲಿಗಳ ಬೆನ್ನುಹುರಿಯನ್ನು ನೋಡಿದಾಗ ಮಾರ್ಫಿನ್ ಅಲ್ಲಿ ನರಕೋಶಗಳಿಗೆ ಒತ್ತಾಸೆಯಾಗಿರುವ ಗ್ಲಿಯಾ ಕೋಶಗಳನ್ನು ಕೆರಳಿಸಿ ಉರಿಯೂತದ ಸೈಟೊಕೈನ್‌ಗಳನ್ನು ಹೆಚ್ಚಿಸುವುದು ತಿಳಿಯಿತು. ನೋವು ಕಳೆಯುವ ಔಷಧಿಯೇ ನೋವಿನ ಪರವಾಗಿಯೂ ಕೆಲಸ ಮಾಡುತ್ತದೆ. ಆದರೆ ಔಷಧಿಗೆ ಹೀಗೆ ಸಹನೆ ಬೆಳೆಯುವುದು ಕೋಶಗಳಲ್ಲಿ ಮಾತ್ರ ಅಲ್ಲ. ಕೆನಡಾದ ಶೆಪರ್ಡ್ ಸೀಗಲ್ 1982ರಲ್ಲಿ ಇಲಿಗಳಿಗೆ ಹೆರಾಯಿನ್ ಅಭ್ಯಾಸ ಮಾಡಿಸಿ, ಆಮೇಲೆ ಒಮ್ಮೆ ಭಾರಿ ಪ್ರಮಾಣ ಕೊಟ್ಟರು. ಎಂದಿನ ಕೋಣೆಯಲ್ಲೇ ಪಡೆದ ಇಲಿಗಳಲ್ಲಿ ಸತ್ತವು ಸುಮಾರು ಶೇ. 32. ಅಷ್ಟೇ ಅಭ್ಯಾಸವಿದ್ದ ಇಲಿಗಳಿಗೆ ಬೇರೆ ಕೋಣೆಯಲ್ಲಿ ಕೊಟ್ಟಾಗ ಸತ್ತವು ಶೇ. 64. ಪರಿಚಿತ ಕೋಣೆಯ ನೋಟ, ಸದ್ದು ಔಷಧಿ ಬರುವ ಮೊದಲೇ ದೇಹವನ್ನು ಅದರ ವಿರುದ್ಧ ಸಜ್ಜುಗೊಳಿಸಿರುತ್ತವೆ. ಎಂದಿನ ಪ್ರಮಾಣವನ್ನೇ ಹೊಸ ಜಾಗದಲ್ಲಿ ತೆಗೆದುಕೊಂಡ ವ್ಯಸನಿಗಳ ಸಾವಿಗೆ ಒಂದು ವಿವರಣೆ ಸಿಕ್ಕಿದ್ದು ಹೀಗೆ. ಔಷಧಶಾಸ್ತ್ರದಲ್ಲಿ ಇಷ್ಟು ಸರಳವಾದ, ಇಷ್ಟು ಜೀವ ಉಳಿಸಬಲ್ಲ ಪ್ರಯೋಗಗಳು ಹೆಚ್ಚಿಲ್ಲ.

ಉರಿಯೂತವನ್ನು ಅಡಗಿಸುವ ಸ್ಟೀರಾಯ್ಡ್‌ಗಳ ಕತೆ ಇನ್ನೂ ಜಟಿಲ. ಡೆಕ್ಸಾಮೆಥಸೋನ್ ಪಡೆದ ಮನುಷ್ಯ ಹೆಚ್ಚಾಗಿ ಊದಿಕೊಳ್ಳುತ್ತಾನೆ. ಇಲಿ ಸ್ನಾಯು ಕರಗಿ ತೂಕ ಕಳೆದುಕೊಳ್ಳುತ್ತದೆ. ಇನ್ಸುಲಿನ್ ಕೆಲಸ ಕೆಡುವುದು ಮಾತ್ರ ಎರಡರಲ್ಲೂ ಒಂದೇ. ಒತ್ತಡದಲ್ಲಿ ದೇಹ ತಾನೇ ಸ್ರವಿಸುವ ಸ್ಟೀರಾಯ್ಡ್ ಮಿದುಳನ್ನು ಏನು ಮಾಡುತ್ತದೆಂಬ ಬಗ್ಗೆ ಜಗತ್ತು ಗಮನಿಸಿದ ಕೆಲಸ ತುಮಕೂರಿಗೆ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ನಡೆದಿದೆ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಟ್ಟು, ನರಕೋಶಗಳ ಕವಲುಗಳನ್ನು ಅಳೆದರು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಕವಲು ಕುಗ್ಗಿತ್ತು; ಭಯವನ್ನು ನಡೆಸುವ ಅಮಿಗ್ಡಲಾದಲ್ಲಿ ಹಿಗ್ಗಿತ್ತು. 2002ರಲ್ಲಿ ಇದು ಪ್ರಕಟವಾಯಿತು. 21 ದಿನ ವಿಶ್ರಾಂತಿ ಕೊಟ್ಟರೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ, ಅಮಿಗ್ಡಲಾ ಹಾಗೇ ಉಳಿಯುತ್ತದೆ ಎಂದು ಮುಂದಿನ ಪ್ರಯೋಗ ಹೇಳಿತು. 2012ರಲ್ಲಿ ಅವರದೇ ಗುಂಪು ಇನ್ನೊಂದು ಸಂಗತಿ ಕಂಡುಕೊಂಡಿತು: ಒಂದು ಬಾರಿಯ ತೀವ್ರ ಒತ್ತಡಕ್ಕೆ ಮುನ್ನ ಒತ್ತಡದ ಸ್ಟೀರಾಯ್ಡ್ ಆದ ಕಾರ್ಟಿಕೋಸ್ಟೆರಾನ್ ಮಟ್ಟ ಏರಿಸಿದ್ದರೆ, 10 ದಿನಗಳ ನಂತರ ಕಾಣಬೇಕಿದ್ದ ಆತಂಕ ತಪ್ಪುತ್ತದೆ. ಅದೇ ವಸ್ತು ಹೊತ್ತು, ಪ್ರಮಾಣ ನೋಡಿಕೊಂಡು ಕಾಪಾಡಲೂಬಹುದು, ಕೆಡಿಸಲೂಬಹುದು. ಇದೇ ನಗರದ ನಿಮ್ಹಾನ್ಸ್‌ನಲ್ಲಿ ಟಿ. ದೇಸಿರಾಜು, ಶಂಕರನಾರಾಯಣ ರಾವ್ ಮತ್ತು ಟಿ. ಆರ್. ರಾಜು 1993ರಲ್ಲಿ ಎದುರು ದಿಕ್ಕಿನ ಫಲಿತಾಂಶ ಪ್ರಕಟಿಸಿದ್ದರು. ತನ್ನ ಮಿದುಳಿನ ಸುಖದ ಕೇಂದ್ರವನ್ನು ತಾನೇ ಪ್ರಚೋದಿಸಿಕೊಳ್ಳಲು ಕಲಿತ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್‌ನ ಕವಲುಗಳು ಹೆಚ್ಚಿದ್ದವು.

ಮನೋರೋಗದ ಔಷಧಿಗಳಲ್ಲಿ ಒಲಾಂಜಪಿನ್ ತೂಕ ಏರಿಸುವುದು ರೋಗಿಗಳಿಗೂ ಮನೆಯವರಿಗೂ ಗೊತ್ತಿರುವ ಸಂಕಟ. ಇಲಿಗಳಲ್ಲಿ ಹೆಣ್ಣು ದಪ್ಪಗಾಗುತ್ತದೆ, ಗಂಡು ಸಾಮಾನ್ಯವಾಗಿ ಆಗುವುದಿಲ್ಲ. ದಶಕಗಳ ಕಾಲ ಹೆಚ್ಚಿನ ಪ್ರಯೋಗಗಳು ಗಂಡು ಇಲಿಗಳ ಮೇಲೆಯೇ ನಡೆದವು. ಹೆಣ್ಣಿನ ಋತುಚಕ್ರ ಲೆಕ್ಕ ಕೆಡಿಸುತ್ತದೆಂಬುದು ನೆಪ. ಆ ಅನುಕೂಲದ ಬೆಲೆಯನ್ನು ತೆತ್ತವರು ಔಷಧಿ ನುಂಗಿದ ಹೆಣ್ಣುಮಕ್ಕಳು.

ಗಿಡಮೂಲಿಕೆಗಳ ಸಾರವನ್ನು ಇಲಿಗೆ ಕೊಟ್ಟು ನೋಡುವುದು ಕರ್ನಾಟಕದ ಕಾಲೇಜುಗಳಲ್ಲಿ ದೊಡ್ಡ ಪರಂಪರೆ. ತುಮಕೂರಿನ ಸುತ್ತ ದೇವರಾಯನದುರ್ಗ, ಕೊರಟಗೆರೆಯ ಸಿದ್ಧರಬೆಟ್ಟ ಔಷಧಿ ಸಸ್ಯಗಳಿಗೆ ಹೆಸರಾದವು. ಕೆರೆ ಬದಿಯ, ತೋಟದ ತಂಪಿನ ಒಂದೆಲಗವನ್ನು ಬುದ್ಧಿಗೆ ಒಳ್ಳೆಯದೆಂದು ಚಟ್ನಿ, ತಂಬುಳಿ ಮಾಡುವುದು ರೂಢಿ. ಮಣಿಪಾಲದ ಮೋಹನದಾಸ ರಾವ್ ಮತ್ತು ಸಂಗಡಿಗರು ಅದರ ಎಲೆಯ ರಸವನ್ನು ಬೆಳೆಯುವ ಇಲಿಮರಿಗಳಿಗೆ ಕುಡಿಸಿ, ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ದಟ್ಟವಾದುದನ್ನು 2006ರಲ್ಲಿ ವರದಿ ಮಾಡಿದರು. ಅಡಿಕೆಯದು ಬೇರೆ ಚಿತ್ರ. ಗುಬ್ಬಿ ತಾಲ್ಲೂಕಿನ ಬದುಕಿಗೆ ಆಧಾರವಾದ ಈ ಬೆಳೆಯ ಮುಖ್ಯ ಆಲ್ಕಲಾಯ್ಡ್ ಅರೆಕೋಲಿನ್ ಮಿದುಳಿನ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಅಗಿಯುವವರಿಗೆ ಸಿಗುವ ಚುರುಕುತನ ಅದರದು. 1994ರಲ್ಲಿ ಬ್ರಿಟನ್ನಿನ ಬಾರ್ಬರಾ ಬೌಚರ್ ಮತ್ತು ಜೊತೆಗಾರರು ಅಡಿಕೆ ತಿನ್ನಿಸಿದ ಸುಂಡಿಲಿಗಳಲ್ಲಿ ಗ್ಲೂಕೋಸ್ ಸಹಿಸುವ ಶಕ್ತಿ ಕುಂದಿದ್ದನ್ನು ತೋರಿಸಿದರು. ಅಡಿಕೆಯನ್ನೇ ತಿನ್ನದ ಅವುಗಳ ಮುಂದಿನ ಎರಡು ಪೀಳಿಗೆಯ ಕೆಲವು ಮರಿಗಳಲ್ಲೂ ಅದು ಕಂಡಿತು. ತೋಟದ ಲೆಕ್ಕ ಹಾಕುವ ಜಿಲ್ಲೆಯಲ್ಲಿ ಈ ಲೆಕ್ಕವೂ ಮಾತಿಗೆ ಬರಬೇಕಾದದ್ದು.

ಪೀಳಿಗೆ ದಾಟದಿದ್ದರೂ ಎಳವೆಯ ಉರಿಯೂತ ದೊಡ್ಡದಾದ ಮೇಲೂ ಉಳಿಯಬಲ್ಲದು. ಅಮೆರಿಕದ ಸ್ಟೇಸಿ ಬಿಲ್ಬೋ ಹುಟ್ಟಿದ 4ನೇ ದಿನದ ಇಲಿಮರಿಗಳಿಗೆ ಇ. ಕೋಲಿ ಸೋಂಕು ತಗುಲಿಸಿದರು. ಬೆಳೆದ ಮೇಲೆ ಅವುಗಳ ಕಲಿಕೆ ಬೇರೆ ಇಲಿಗಳಂತೆಯೇ ಇತ್ತು. ಕಲಿಯುವ ಹೊತ್ತಿನಲ್ಲಿ ಅಲ್ಪ ಪ್ರಮಾಣದ ಎಲ್‌ಪಿಎಸ್ ಕೊಟ್ಟಾಗ ಮಾತ್ರ ನೆನಪು ಕೈಕೊಟ್ಟಿತು. ಮೊದಲ ಸೋಂಕಿನಲ್ಲಿ ಎಚ್ಚೆತ್ತ ಮೈಕ್ರೋಗ್ಲಿಯಾ ಎರಡನೆಯ ಸಲ ಅಳತೆ ಮೀರಿ ಪ್ರತಿಕ್ರಿಯಿಸಿದ್ದವು.

ಇಲಿಯ ನಡವಳಿಕೆಯಿಂದ ಮನುಷ್ಯನ ಮನಸ್ಸಿಗೆ ಹಾರುವಾಗ ಎಚ್ಚರ ಬೇಕು. ನೀರು ತುಂಬಿದ ಪಾತ್ರೆಯಲ್ಲಿ ಈಜುವುದನ್ನು ಬಿಟ್ಟು ತೇಲುವ ಇಲಿಯನ್ನು 1977ರಿಂದ ಹತಾಶ ಇಲಿ ಎಂದು ಕರೆದರು. ಪಾರಾಗುವ ದಾರಿಯಿಲ್ಲವೆಂದು ಅರಿತು ಶಕ್ತಿ ಉಳಿಸಿಕೊಳ್ಳುವ ಜಾಣ ಇಲಿಯೂ ಹಾಗೇ ತೇಲುತ್ತದೆ ಎಂಬ ಆಕ್ಷೇಪ ಬಲವಾಗಿದೆ, ಸರಿಯೂ ಆಗಿದೆ. ಕೋಣೆಯ ಉಷ್ಣತೆ ಕೂಡ ಉತ್ತರ ಬದಲಿಸುತ್ತದೆ: ಅದೇ ಎಲ್‌ಪಿಎಸ್ ಬೆಚ್ಚಗಿನ ಜಾಗದಲ್ಲಿ ಇಲಿಗೆ ಜ್ವರ ತರಿಸಿದರೆ, ತಣ್ಣಗಿನ ಜಾಗದಲ್ಲಿ ಹೆಚ್ಚಿನ ಪ್ರಮಾಣ ಮೈ ತಣ್ಣಗಾಗಿಸುತ್ತದೆ. ಒಂಟಿಯಾಗಿ ಇಟ್ಟ ಇಲಿ, ಗುಂಪಿನಲ್ಲಿ ಇಟ್ಟ ಇಲಿ ಒಂದೇ ಔಷಧಿಗೆ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ.

ನೋವುಣ್ಣುವ ಪ್ರಾಣಿಯ ಹಿತ ಕಾಯುವುದು ಹೀಗಾಗಿ ದಯೆಯ ವಿಷಯವೂ ಹೌದು, ನಿಖರತೆಯ ವಿಷಯವೂ ಹೌದು. ಹೆದರಿದ, ನರಳುವ ಇಲಿಯಿಂದ ಬಂದ ಅಂಕಿ ಔಷಧಿಯದೋ ಭಯದ್ದೋ ಹೇಳಲಾಗದು. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ ಇಲಿ ಸಾಕಿ ಪ್ರಯೋಗ ನಡೆಸುವ ಸಂಸ್ಥೆ ನೋಂದಾಯಿತವಾಗಿರಬೇಕು. ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಹೊರಗಿನವರೂ ಇರಬೇಕು. ಎಷ್ಟು ಇಲಿ, ಏಕೆ ಅಷ್ಟು, ನೋವು ಕಡಿಮೆ ಮಾಡಲು ಏನು ಕ್ರಮ, ಬದಲಿ ವಿಧಾನ ಏಕೆ ಸಾಲದು ಎಂದು ಅರ್ಜಿಯಲ್ಲೇ ಬರೆಯಬೇಕು. ಪದವಿ ತರಗತಿಗಳಲ್ಲಿ ಪಾದದ ಊತದಂಥ ಪರೀಕ್ಷೆಗಳನ್ನು ಈಗ ಬಹುಮಟ್ಟಿಗೆ ಕಂಪ್ಯೂಟರ್ ಪರದೆಯ ಮೇಲೆ ಕಲಿಸುತ್ತಾರೆ. ಜೀವಂತ ಇಲಿಯ ಬಳಕೆ ಸಂಶೋಧನೆಗೆ ಸೀಮಿತವಾಗುತ್ತಾ ಬಂದಿದೆ.