ಗೋಳಗುಮ್ಮಟದಿಂದ ಅಳೆದ ವೇಗ

ಗೋಳಗುಮ್ಮಟದ ಎತ್ತರ 51 ಮೀಟರ್. ಅದರ ತುದಿಯಿಂದ ಬಿದ್ದ ಕಲ್ಲು ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 114 ಕಿ.ಮೀ. ಆಗಿರುತ್ತದೆ. ವಿಜಯಪುರ ದಾಟಿ ಸೊಲ್ಲಾಪುರ ಹೆದ್ದಾರಿ ಹಿಡಿದ ಕಾರಿಗೆ ಆ ವೇಗ ದೊಡ್ಡದಲ್ಲ. ಗಾಜು ಏರಿಸಿ, ಎ.ಸಿ. ಹಾಕಿ ಕೂತವರಿಗೆ ತಾವು ಅಷ್ಟು ಎತ್ತರದಲ್ಲಿದ್ದೇವೆ ಎಂದು ಅನಿಸುವುದೇ ಇಲ್ಲ. ಎಲೆಕ್ಟ್ರಿಕ್ ಕಾರಿನಲ್ಲಂತೂ ಎಂಜಿನ್ನಿನ ಸದ್ದೂ ಇಲ್ಲ.

ಈಗ ಕಾರು ಕೊಳ್ಳುವವರು ‘ಎಷ್ಟು ಸ್ಟಾರ್?’ ಎಂದು ಕೇಳುತ್ತಿದ್ದಾರೆ. ಕೇಳಲೇಬೇಕು. ಆದರೆ ಆ ಸ್ಟಾರು ಎಷ್ಟು ಎತ್ತರದ್ದು? 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ, ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಒಯ್ದು, ಮುಂಭಾಗದ ಶೇ. 40ರಷ್ಟು ಮಾತ್ರ ತಾಗುವಂತೆ ಅಲ್ಯೂಮಿನಿಯಂ ಜೇನುಗೂಡಿನ ತಡೆಗೆ ಗುದ್ದಿಸುತ್ತಾರೆ. ಇದು 16 ಮೀಟರಿನಿಂದ ಬಿದ್ದಷ್ಟು. ಗುಮ್ಮಟದ ಮೂರನೆಯ ಒಂದು ಪಾಲೂ ಆಗಲಿಲ್ಲ. ವೇಗ 100 ಆದರೆ ಎತ್ತರ 39 ಮೀಟರ್. ವೇಗ ಏರಿದ್ದು ಒಂದೂವರೆ ಪಟ್ಟು, ಹೊಡೆತ ಹೆಚ್ಚು ಕಡಿಮೆ ಎರಡೂವರೆ ಪಟ್ಟು!

ಆ 64ರ ವೇಗ ಸೊನ್ನೆಗೆ ಇಳಿಯಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯಿತು ಎನ್ನೋಣ. ಆಗ ಪ್ರತಿ ಮೈಯೂ ತನ್ನ ತೂಕದ ಸುಮಾರು 18 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ತೊಡೆಯ ಮೇಲಿನ 10 ಕಿಲೋ ಕೂಸು ಆ ಕ್ಷಣಕ್ಕೆ 180 ಕಿಲೋ. ಎರಡು ಜೋಳದ ಚೀಲಕ್ಕೆ ತುಸು ಕಡಿಮೆ, ಅಷ್ಟೇ. ಯಾವ ತಾಯಿಯ ತೋಳು ಹಿಡಿದೀತು? ಪರೀಕ್ಷೆಯಲ್ಲಿ ಕೂರಿಸುವ ಗೊಂಬೆಗಳ ಮುಖಕ್ಕೆ ಬಣ್ಣ ಬಳಿದಿರುತ್ತಾರೆ. ಆಮೇಲೆ ಏರ್‌ಬ್ಯಾಗಿನ ಮೇಲೆ ಮೂಡಿದ ಬಣ್ಣ ನೋಡಿದರೆ ಸಾಕು, ತಲೆ ಎಲ್ಲಿ ಬಡಿಯಿತು ಎಂದು ತಿಳಿಯುತ್ತದೆ.

ಈ ಹೊಡೆತ ತಗ್ಗಬೇಕಾದರೆ ಕಾರಿಗೆ ನುಜ್ಜಾಗಲು ಜಾಗ ಬೇಕು. ಸಣ್ಣ ಕಾರಿಗೆ ಅದೇ ಕಷ್ಟ. 2001ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನ ಉದ್ದ 2.6 ಮೀಟರ್. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಬ್ಯಾಟರಿ ಬಿಟ್ಟು 400 ಕಿಲೋ ಒಳಗಿನ ನಾಲ್ಕು ಗಾಲಿಯ ಗಾಡಿ ಎಂಬ ವರ್ಗಕ್ಕೆ ಸೇರಿದ್ದರಿಂದ, ಕಾರುಗಳಿಗಿದ್ದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ 64ರ ವೇಗದಲ್ಲಿ ಗುದ್ದಿಸಿ ನೋಡಿದಾಗ, ಒಳಗಿನವರ ಜೀವಕ್ಕೇ ಅಪಾಯ ಎಂಬುದು ಕಂಡಿತು. ಪೇಟೆಯ ಓಡಾಟಕ್ಕೆಂದು ಕಟ್ಟಿದ ಗಾಡಿ ಅದು. ಆ ಸಾಹಸದ ಬಗ್ಗೆ ನನಗೆ ಈಗಲೂ ಗೌರವವಿದೆ. ಹದಿನೇಳು ವರ್ಷದ ನಂತರ, 2024ರ ಜೂನ್‌ನಲ್ಲಿ, ಅದೇ 64ರ ವೇಗದ ಪರೀಕ್ಷೆ ಎದುರಿಸಿದ ಟಾಟಾ ಪಂಚ್ ಎಲೆಕ್ಟ್ರಿಕ್ ಕಾರು ದೊಡ್ಡವರ ರಕ್ಷಣೆಯಲ್ಲಿ 32ಕ್ಕೆ 31.46, ಮಕ್ಕಳ ರಕ್ಷಣೆಯಲ್ಲಿ 49ಕ್ಕೆ 45 ಅಂಕ ಪಡೆದು ಐದು ಸ್ಟಾರ್ ಗಳಿಸಿತು. ಅದೇ ವರ್ಷದ ಮಾರ್ಚಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಪರೀಕ್ಷೆಗೆ ಹೋದ ಸಿಟ್ರಾನ್ ಇ-ಸಿ3ಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ಸ್ಟಾರ್.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. 2011ರ ಜನಗಣತಿಯಂತೆ ವಿಜಯಪುರ ನಗರದ ಜನಸಂಖ್ಯೆ 3.27 ಲಕ್ಷ. ಇದೇ ಲೆಕ್ಕದಲ್ಲಿ ಎರಡು ವರ್ಷಕ್ಕೆ ಇಡೀ ನಗರವೇ ಖಾಲಿ. ಸತ್ತವರಲ್ಲಿ ಕಾರಿನವರಿಗಿಂತ ಬೈಕಿನವರೇ ಹೆಚ್ಚು ಎಂಬುದನ್ನೂ ಮರೆಯಬಾರದು.

ತಿಕೋಟಾ, ಬಬಲೇಶ್ವರದ ಕಡೆ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊರಟವರು ಇನ್ನೊಂದು ಮಾತು ನೆನಪಿಡಬೇಕು. ಪರೀಕ್ಷೆಯ ತಡೆ ಬಂಪರಿನ ಎತ್ತರದಲ್ಲಿರುತ್ತದೆ, ಒತ್ತಿದರೆ ಕುಗ್ಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಕಬ್ಬಿಣ ಕಾರಿನ ಗಾಜಿಗೆ ಎದುರಾಗುತ್ತದೆ, ಕುಗ್ಗುವುದಿಲ್ಲ. ಐದು ಸ್ಟಾರಿನ ಲೆಕ್ಕದಲ್ಲಿ ಆ ಡಿಕ್ಕಿ ಬರುವುದೇ ಇಲ್ಲ. ಟ್ರ್ಯಾಕ್ಟರ್ ಇರುವವರು ಇವತ್ತೇ ಟ್ರೇಲರಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿರಿ. ಕಾರಿನವರು ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿರಿ, ಕೂಸಿಗೆ ಅದರದೇ ಸೀಟು ಕೊಡಿಸಿರಿ.