ಹುಳುಕು ಹಲ್ಲು: ಕೊರೆಯುವುದೊಂದೇ ದಾರಿಯಲ್ಲ

ಹಲ್ಲು ನೋವು ಬಂದರೆ ಲವಂಗ, ಅದಕ್ಕೂ ಬಗ್ಗದಿದ್ದರೆ ಮಾತ್ರೆ, ರಾತ್ರಿ ನಿದ್ದೆ ಕೆಟ್ಟ ಮೇಲೆ ಡಾಕ್ಟರು. ನಮ್ಮ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ. ಅಷ್ಟರಲ್ಲಿ ಸೂಜಿಯಿಲ್ಲದೆ, ಕಡಿಮೆ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆಯ ಕಾಲ ದಾಟಿರುತ್ತದೆ. ಈ ತಡಕ್ಕೆ ಕಾರಣವಾಗುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನೋವಿಲ್ಲ ಎಂದರೆ ಹುಳುಕಿಲ್ಲ.
ಸತ್ಯ: ಹಲ್ಲಿನ ಹೊರಪದರ ಎನಾಮಲ್‌ಗೆ ನರಗಳಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಮೊದಲ ಗುರುತು ಕಪ್ಪು ತೂತಲ್ಲ, ಹೊಳಪಿಲ್ಲದ ಸುಣ್ಣದಂಥ ಬಿಳಿ ಮಚ್ಚೆ. ಹಲ್ಲನ್ನು ಒಣಗಿಸಿ ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ನೋವು ಬರುವುದು ಹುಳುಕು ಒಳಕ್ಕಿಳಿದ ಮೇಲೆ.

ತಪ್ಪು ಕಲ್ಪನೆ: ಹುಳುಕು ಶುರುವಾದರೆ ಕೊರೆದು ತುಂಬಿಸಲೇಬೇಕು.
ಸತ್ಯ: ತೂತಾಗದ ಬಿಳಿ ಮಚ್ಚೆಯನ್ನು ಅಲ್ಲಿಯೇ ತಡೆಯಬಹುದು. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಹಲ್ಲಿಗೆ ಸೇರಲು ಫ್ಲೋರೈಡ್ ನೆರವಾಗುತ್ತದೆ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ, ನೊರೆ ಉಗಿದು, ಮತ್ತೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದಿದ್ದರೆ ಒಳ್ಳೆಯದು. ವೈದ್ಯರು ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಸಣ್ಣ ಮಕ್ಕಳಲ್ಲಿ ತೂತಾಗಿದ್ದರೂ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಔಷಧ ಹಚ್ಚಿ ಹುಳುಕನ್ನು ನಿಲ್ಲಿಸಬಹುದು. ಆದರೆ ಆ ಜಾಗ ಕಪ್ಪಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಆಗಿಹೋದ ತೂತು ಮಾತ್ರ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ತಪ್ಪು ಕಲ್ಪನೆ: ಹಾಲುಹಲ್ಲು ಹೇಗಿದ್ದರೂ ಬೀಳುತ್ತದೆ, ಚಿಕಿತ್ಸೆ ಯಾಕೆ?
ಸತ್ಯ: ಹಾಲಿನ ದವಡೆ ಹಲ್ಲುಗಳು 10–12 ವರ್ಷದವರೆಗೂ ಇರುತ್ತವೆ. ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟ ಬರಬಹುದು. ಇನ್ನೊಂದು ಮಾತು: ಸುಮಾರು 6ನೇ ವಯಸ್ಸಿಗೆ ಯಾವ ಹಲ್ಲೂ ಬೀಳದೆ ಹಿಂದುಗಡೆ ಹುಟ್ಟುವ ದವಡೆ ಹಲ್ಲು ಶಾಶ್ವತವಾದದ್ದು. ಅದನ್ನೂ ಹಾಲುಹಲ್ಲೆಂದು ಬಿಟ್ಟುಬಿಡುವವರು ಬಹಳ.

ತಪ್ಪು ಕಲ್ಪನೆ: ಹಲ್ಲು ಚಂದ ಕಾಣಲು ಕ್ಯಾಪ್ ಹಾಕಿಸಲೇಬೇಕು.
ಸತ್ಯ: ಕ್ಯಾಪ್ ಹಾಕಲು ಆ ಹಲ್ಲನ್ನೇ ಸುತ್ತಲೂ ತೇಯಬೇಕು, ತೇಯ್ದ ಎನಾಮಲ್ ಮತ್ತೆ ಬೆಳೆಯದು. ಮುಂದಿನ ಹಲ್ಲಿನ ಸಣ್ಣ ಸಂದು, ಮುರಿದ ತುದಿಯನ್ನು ಎಷ್ಟೋ ಸಲ ಹಲ್ಲಿನ ಬಣ್ಣದ ಕಾಂಪೋಸಿಟ್ ಅಂಟಿಸಿಯೇ ಸರಿಪಡಿಸಬಹುದು. ಆಮ್ಲದಿಂದ ಎನಾಮಲ್ ಒರಟಾಗಿಸಿ ಅಂಟಿಸುವ ಈ ದಾರಿಯನ್ನು ದಂತವೈದ್ಯ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿದರು. ಕಲೆಗೂ ಕ್ಯಾಪೇ ಬೇಕೆಂದಿಲ್ಲ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರಿನಿಂದ ಬರುವ ಕಲೆ ಹುಳುಕಲ್ಲ. ಕಲೆ ತೆಳುವಾಗಿದ್ದರೆ ಮೇಲ್ಪದರವನ್ನಷ್ಟೇ ನಯವಾಗಿ ಉಜ್ಜಿ, ಇಲ್ಲವೇ ರೆಸಿನ್ ಎಂಬ ತೆಳು ದ್ರವವನ್ನು ಒಳಕ್ಕಿಳಿಸಿ ತಿಳಿಮಾಡಬಹುದು.

ತಪ್ಪು ಕಲ್ಪನೆ: ಇದ್ದಿಲು, ಉಪ್ಪು ಹಾಕಿ ಗಟ್ಟಿಯಾಗಿ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತದೆ.
ಸತ್ಯ: ಮೇಲಿನ ಕಲೆ ಹೋಗಬಹುದು. ಆದರೆ ದಿನಾ ಹೀಗೆ ಉಜ್ಜಿದರೆ ಎನಾಮಲ್ ಸವೆದು, ಒಳಗಿನ ಹಳದಿ ಪದರ ಇನ್ನಷ್ಟು ಎದ್ದು ಕಾಣುತ್ತದೆ. ತಣ್ಣೀರಿಗೂ ಹಲ್ಲು ಜುಮ್ಮೆನ್ನುತ್ತದೆ.

ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ, ಒಸಡಿನ ಅಂಚಿನಲ್ಲಿ ಬಿಳಿ ಗೆರೆ ಇದೆಯೇ ನೋಡಿ. ಕಂಡರೆ ನೋವು ಬರಲೆಂದು ಕಾಯಬೇಡಿ. ‘ಕೊರೆಯದೆ ನಿಲ್ಲಿಸಲು ಆಗುತ್ತದೆಯೇ ಡಾಕ್ಟ್ರೇ?’ ಎಂದು ಕೇಳಿ. ಆ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಗುವುದು ಬೇಗ ಹೋದವರಿಗೆ.