ಲೆಕ್ಕಕ್ಕೆ ಸಿಗದ ಕಾಯಿಲೆ

ಕೆಲವು ವರ್ಷಗಳ ಹಿಂದೆ ಯಲಹಂಕದ ನಮ್ಮ ಚಿಕಿತ್ಸಾಲಯಕ್ಕೆ ವಿದ್ಯಾರ್ಥಿಯೊಬ್ಬನು ಬಂದು, ಅಂಗೈಯಲ್ಲಿ ಎದ್ದ ದದ್ದನ್ನು ತೋರಿಸಿ ಅಲರ್ಜಿಗೆ ಲೇಪ ಕೇಳಿದನು. ಉಳಿದ ರೋಗಿಗಳು ಹೊರಟ ಮೇಲೆ ಮೆಲ್ಲನೆ ವಿಚಾರಿಸಿದೆವು. ಎರಡು ತಿಂಗಳ ಹಿಂದೆ ಗುಹ್ಯಭಾಗದಲ್ಲಿ ನೋವಿಲ್ಲದ ಹುಣ್ಣೊಂದು ಎದ್ದು ತಾನಾಗಿಯೇ ಮಾಯ್ದಿತ್ತು. ರಕ್ತಪರೀಕ್ಷೆಗೆ ಕಳುಹಿಸಿದಾಗ ಸಿಫಿಲಿಸ್ ಇರುವುದು ತಿಳಿಯಿತು. ಆ ಎರಡು ತಿಂಗಳು ಅವನ ಕಾಯಿಲೆ ಯಾವ ದಾಖಲೆಯಲ್ಲೂ ಇರಲಿಲ್ಲ.

ನಮ್ಮ ಪೂರ್ವಾಚಾರ್ಯರು ಈ ಬಗೆಯ ರೋಗಗಳನ್ನು ಹೆಸರಿಸಲು ಹಿಂಜರಿಯಲಿಲ್ಲ. ಸುಶ್ರುತರು ಉಪದಂಶವನ್ನೂ, 16ನೆಯ ಶತಮಾನದ ಭಾವಮಿಶ್ರರು ಫಿರಂಗರೋಗವನ್ನೂ ವಿವರಿಸಿದ್ದಾರೆ. ಹಿಂಜರಿಕೆ ಇರುವುದು ಇಂದಿನ ನಮ್ಮ ಮನೆಗಳಲ್ಲಿ.

ಯುವಜನರಲ್ಲಿ ಈ ಸೋಂಕು ಎಷ್ಟಿದೆ ಎಂದು ಅಳೆಯುವುದು ಕಠಿಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 49 ವರ್ಷದ ಸ್ತ್ರೀಯರನ್ನೂ 15ರಿಂದ 54 ವರ್ಷದ ಪುರುಷರನ್ನೂ ಮನೆಯಲ್ಲೇ ಪ್ರಶ್ನಿಸುತ್ತದೆ. ಸಂಕೋಚಪಟ್ಟವರು ಇಲ್ಲವೆನ್ನುತ್ತಾರೆ. ಕ್ಲಮಿಡಿಯಾದಂತಹ ಸೋಂಕು ಬಹುಪಾಲು ಹೆಣ್ಣುಮಕ್ಕಳಲ್ಲಿ ಲಕ್ಷಣವನ್ನೇ ತೋರುವುದಿಲ್ಲ. ಅವರಿಗೇ ತಿಳಿಯದುದನ್ನು ಹೇಳುವುದೆಂತು? ಇನ್ನೊಂದೆಡೆ, ಬಿಳುಪು ಹೋಗುವುದೆಲ್ಲವೂ ಲೈಂಗಿಕ ಸೋಂಕಲ್ಲ. ಹಾಗೆ ಎಣಿಸಿದರೆ ಲೆಕ್ಕ ಹೆಚ್ಚಾಗುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಸಿಗುವವರು ಬಂದವರು ಮಾತ್ರ. ಹದಿನೆಂಟು ತುಂಬದವರ ವಿಷಯವನ್ನು 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವ ಹೊಣೆ ವೈದ್ಯರದು. ಮಕ್ಕಳ ರಕ್ಷಣೆಗಾಗಿಯೇ ಇರುವ ನಿಯಮವಾದರೂ, ಅದರ ಅಂಜಿಕೆಯಿಂದ ಕೆಲವರು ಬರುವುದೇ ಇಲ್ಲ.

ಜಗತ್ತಿನಲ್ಲಿ 2020ರಲ್ಲಿ ಗುಣಪಡಿಸಬಹುದಾದ ನಾಲ್ಕು ಲೈಂಗಿಕ ಸೋಂಕುಗಳ 37.4 ಕೋಟಿ ಹೊಸ ಪ್ರಕರಣಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಗುಣವಾಗುವಂಥದ್ದನ್ನು ಮುಚ್ಚಿಟ್ಟರೆ ಮುಂದೆ ಬಂಜೆತನ, ಗರ್ಭದ ಶಿಶುವಿಗೂ ಸೋಂಕು ಮುಂತಾದ ಹಾನಿಗಳುಂಟು.

ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ಸಿಫಿಲಿಸ್‌ಗೆ ಕಷಾಯ, ಲೇಪಗಳನ್ನು ನೆಚ್ಚಿ ಕಾಲ ಕಳೆಯಬಾರದು, ಪೆನಿಸಿಲಿನ್ ಚುಚ್ಚುಮದ್ದೇ ಬೇಕು. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು. ಇಲ್ಲವಾದರೆ ಸೋಂಕು ಮರಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಸಲಹೆಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ವಿದ್ಯಾರ್ಥಿಯು ಗುಣಮುಖನಾದನು. ಸಂಗಾತಿಗೆ ವಿಷಯ ತಿಳಿಸಲು ಮಾತ್ರ ಅವನಿಗೆ ಎರಡು ವಾರ ಬೇಕಾಯಿತು. ಹೊರಡುವಾಗ, "ಅಪ್ಪಾಜಿಗೆ ಹೇಳಬೇಡಿ" ಎಂದನು. ನಾವು ಹೇಳಲಿಲ್ಲ. ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಇಂತಹ ಮಾತೆತ್ತಿದಾಗ "ಯಾರೊಡನೆ?" ಎಂದು ಗದರುವ ಮೊದಲು "ಏನಾಗುತ್ತಿದೆ ಕಂದಾ?" ಎಂದು ಕೇಳಿರಿ.